ಹೆಸರಿಲ್ಲದ ಹನ್ನೆರಡು ಬಾಣ

ಯೆಚೊನ್
ಗುರುವಾರ, ಮಾರ್ಚ್ ೨೧, ೨೦೧೯

ಬೊರಾಳ ಅಪ್ಪನವರಿಗೆ,

ನೀವು ಹೇಳಿಕಳಿಸಿದ ಹನ್ನೆರಡು ಕಾರ್ಬನ್ ಬಾಣಗಳ ಕೆಲಸ ಸದ್ಯಕ್ಕೆ ನಿಂತಿದೆ. ನಿಲ್ಲಿಸಿದ್ದು ನಾನು. ವಿಷಯ ತಿಳಿಸಿದವರು ಬಾಣ ಮಾಡುವ ಗೂ ಮೇಸ್ತ್ರಿ, ಮೊನ್ನೆ ಮಂಗಳವಾರ ಬೆಳಿಗ್ಗೆ, ನಮ್ಮ ಬಿಲ್ಲುಮಂಟಪದ ಜಗಲಿಯಲ್ಲಿ ಬಾರ್ಲಿ ಚಹಾ ಕುಡಿಯುತ್ತಾ. ಇದು ಗುಟ್ಟು ಎಂದು ನೀವು ಅವರಿಗೆ ಹೇಳಿರಲಿಲ್ಲವಂತೆ. ಅವರನ್ನು ಬೈಯಬೇಡಿ.

"ಅಕ್ಕಾ, ನಿಮ್ಮ ಯಜಮಾನ್ರು ಕೊನೆಗೂ ಊಟದ ಕಡ್ಡಿ ಕೇಳಿದ್ರು ನೋಡಿ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಅನ್ನ ಎತ್ತಿ ತಿನ್ನುವ ಕಡ್ಡಿಯಂತಿದೆ ಎಂದು ಕಾರ್ಬನ್ ಬಾಣಕ್ಕೆ ಆ ಹೆಸರಿಟ್ಟವರು ನೀವೇ ಎಂಬುದನ್ನು ಇಲ್ಲಿ ಯಾರೂ ಮರೆತಿಲ್ಲ. ನಾನೂ ನಕ್ಕೆ. ಆಮೇಲೆ ಅವರು ಜೇಬಿನಿಂದ ಚೀಟಿ ತೆಗೆದು ಓದಿದರು. ತೂಕ ಆರು ದೋನ್. ಉದ್ದ ನಿಮ್ಮ ಹಳೆಯ ಅಳತೆಗಿಂತ ಎರಡು ಬೆರಳು ಕಡಿಮೆ. ಬಾಣದ ಮೇಲೆ ಹೆಸರು ಬೇಡ.

ನನ್ನ ನಗು ಅಲ್ಲಿಗೆ ನಿಂತಿತು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮೂರನೇ ಮಾತಿಗೆ ನಾವಿಬ್ಬರೂ ಜಗಳಕ್ಕೆ ಇಳಿಯುತ್ತೇವೆ. ಆರು ವರ್ಷದಿಂದ ಬೇರೆ ಬೇರೆ ಊರಲ್ಲಿದ್ದರೂ ಆ ಅಭ್ಯಾಸ ಹೋಗಿಲ್ಲ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕಲು ಆಗುವುದಿಲ್ಲ.

ತೂಕದ ವಿಷಯದಲ್ಲಿ ನೀವು ಮಾಡಿದ್ದು ಸರಿ. ಇಪ್ಪತ್ತು ವರ್ಷ ಕೊಂಬಿನ ಬಿಲ್ಲಿನಿಂದ ಎಂಟು ದೋನಿನ ಬಿದಿರು ಬಾಣ ಬಿಟ್ಟವರು ಆರಕ್ಕೆ ಇಳಿದಿದ್ದಾರೆ ಎಂದರೆ ಕೈಯಲ್ಲಿರುವುದು ನಲವತ್ತು ಪೌಂಡಿನ ಮೆದು ಬಿಲ್ಲು. ಅದನ್ನು ತಿಳಿಯಲು ನನಗೆ ಯಾರೂ ಬೇಕಿರಲಿಲ್ಲ. ಆದರೂ ಕಾರಣ ಗೊತ್ತಾಗಿದ್ದು ಬೊರಾಳಿಂದ, ಹೊಸ ವರ್ಷದ ಹಬ್ಬಕ್ಕೆ ಕಡುಬು ಮಡಚುತ್ತಿದ್ದಾಗ. ನವೆಂಬರಿನಲ್ಲಿ ನಿಮ್ಮ ಬಲ ಭುಜಕ್ಕೆ ಆಪರೇಷನ್ ಆಯಿತು ಎಂದಳು. "ಅಮ್ಮಂಗೆ ಹೇಳ್ಬೇಡ ಅಂದಿದ್ರು ಅಪ್ಪ. ನಾನು ಹೇಳಿಲ್ಲ, ಬಾಯಿ ಜಾರ್ತು ಅಷ್ಟೆ" ಎಂದು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಆ ಭುಜದಲ್ಲಿ ಕೊಂಬಿನ ಬಿಲ್ಲಿಗೆ ಹೆದೆ ಏರಿಸಲು ಆಗುವುದಿಲ್ಲ. ಕಡಲ ತೇವಕ್ಕೆ ಬಾಗುವ ಬಿದಿರನ್ನು ವಾರವಾರವೂ ಕೆಂಡಕ್ಕೆ ಹಿಡಿದು ನೆಟ್ಟಗೆ ಮಾಡುವುದೂ ಕಷ್ಟ. ಆದ್ದರಿಂದ ಕಾರ್ಬನ್. ಯಾರೇ ಆದರೂ ಹಾಗೆಯೇ ಮಾಡುತ್ತಾರೆ. ಐದೂವರೆ ದೋನ್ ಕೇಳಿದ್ದರೆ ನೀವಿರುವ ಗಂಗ್‌ನುಂಗಿನ ಕಡಲ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತಿತ್ತು. ಆರು ಸಾಕು.

ನಿನ್ನೆ ಮೇಸ್ತ್ರಿಯ ಅಂಗಡಿಗೆ ಹೋಗಿ ನಿಮಗೆಂದು ಆರಿಸಿಟ್ಟ ಕಡ್ಡಿಗಳನ್ನು ನೋಡಿದೆ. ಅವರ ಕೆಲಸ ನಿಮಗೆ ಗೊತ್ತಿರುವುದೇ. ಒಂದೊಂದನ್ನೂ ಎರಡು ಮೊಳೆಗಳ ಮೇಲಿಟ್ಟು ಬೆರಳಲ್ಲಿ ಉರುಳಿಸುತ್ತಾರೆ. ಕಣ್ಣು ಮುಚ್ಚಿ ಕೇಳುತ್ತಾರೆ. ನೆಟ್ಟಗಿರುವ ಕಡ್ಡಿ ಸದ್ದಿಲ್ಲದೆ ತಿರುಗುತ್ತದೆ, ಕೂದಲೆಳೆಯಷ್ಟು ಡೊಂಕಿದ್ದರೂ ಟಿಕ್ ಟಿಕ್ ಎನ್ನುತ್ತದೆ. ಮೂವತ್ತರಲ್ಲಿ ಹದಿನೆಂಟನ್ನು ಪಕ್ಕಕ್ಕೆ ತಳ್ಳಿದ್ದರು. ಉಳಿದ ಹನ್ನೆರಡು ತಕ್ಕಡಿಯಲ್ಲಿ ಒಂದೇ ತೂಗುತ್ತವೆ. ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ಕಡ್ಡಿಯಲ್ಲಿ ನೀರೊಳಗಿನ ನಾರಿನ ಹಾಗೆ ಏನೋ ಹೆಣೆದುಕೊಂಡಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಮೇಸ್ತ್ರಿ "ಅಕ್ಕಾ, ಅದು ಬಾಣ, ದುರ್ಬೀನಲ್ಲ" ಎಂದರು.

ಈಗ ಇಲ್ಲಿ ಬೆಳಿಗ್ಗೆ ಹೊಳೆಯಿಂದ ಮಂಜು ಏಳುತ್ತದೆ. ಎಂಟೂವರೆಯವರೆಗೆ ಗುರಿಹಲಗೆಗಳ ಸೊಂಟದ ಕೆಳಗೆ ಏನೂ ಕಾಣುವುದಿಲ್ಲ. ಮೂರು ಹಲಗೆಗಳೂ ನೆಲ ಬಿಟ್ಟು ತೇಲುತ್ತಿರುವಂತೆ ಇರುತ್ತವೆ. ಬಾಣ ಬಿಟ್ಟರೆ ಅದು ಎದುರು ಗುಡ್ಡದ ಕಪ್ಪಿನಲ್ಲಿ ಕರಗಿಹೋಗುತ್ತದೆ. ಆಮೇಲೆ ಮೂರು ಎಣಿಸುವಷ್ಟು ಹೊತ್ತು ಲೋಕದಲ್ಲಿ ಏನೂ ಇರುವುದಿಲ್ಲ. ಕೊನೆಗೆ ಹಲಗೆಯ ಸದ್ದು, ಎಲ್ಲೋ ನೆರೆಮನೆಯಲ್ಲಿ ಯಾರೋ ಕದ ತಟ್ಟಿದ ಹಾಗೆ. ನನಗೆ ಆಗಾಗ ಒಂದು ಕನಸು ಬೀಳುತ್ತದೆ. ನೀವು ಬಿಟ್ಟ ಬಾಣ ಹೋಗಿದೆ, ಸದ್ದು ಇನ್ನೂ ಬಂದಿಲ್ಲ. ನಾವೆಲ್ಲರೂ ಸಾಲಾಗಿ ನಿಂತು ಕಾಯುತ್ತಿದ್ದೇವೆ. ಯಾರಿಗೂ ಅವಸರವಿಲ್ಲ. ಮಂಜು ಏಳುತ್ತದೆ, ಇಳಿಯುತ್ತದೆ, ಗುಡ್ಡದ ಮೇಲೆ ಹೂ ಅರಳಿ ಉದುರುತ್ತವೆ. ಯಾರೋ ಚಹಾ ತಂದುಕೊಡುತ್ತಾರೆ. ಎಚ್ಚರವಾದಾಗ ಕೈ ಬೆಚ್ಚಗಿರುತ್ತದೆ.

ಕನಸಿನ ಮಾತು ಹಾಗಿರಲಿ, ಉದ್ದಕ್ಕೆ ಬರುತ್ತೇನೆ. ನೀವು ತಪ್ಪಿದ್ದು ಅಲ್ಲಿ.

ಭುಜ ಈಗ ಪೂರ್ತಿ ತೆರೆಯುವುದಿಲ್ಲ, ಆದ್ದರಿಂದ ಗಿಡ್ಡ ಬಾಣ ಸಾಕು ಎಂದು ಲೆಕ್ಕ ಹಾಕಿದ್ದೀರಿ. ಇವತ್ತಿಗೆ ಆ ಲೆಕ್ಕ ಸರಿ. ಆದರೆ ಭುಜ ದಿನವೂ ಒಂದೇ ತರ ಇರುವುದಿಲ್ಲ. ಜೂನಿನಲ್ಲೋ ಜುಲೈನಲ್ಲೋ ಒಂದು ಬೆಳಿಗ್ಗೆ ನಿದ್ದೆ ಚೆನ್ನಾಗಿ ಆಗಿರುತ್ತದೆ, ಉಸಿರು ಆಳಕ್ಕೆ ಇಳಿದಿರುತ್ತದೆ. ತೋಳು ನಿಮ್ಮನ್ನು ಕೇಳದೆ ಹಳೆಯ ಉದ್ದಕ್ಕೆ ಹೋಗುತ್ತದೆ. ಗಿಡ್ಡ ಬಾಣದ ಮೊನೆ ಬಿಲ್ಲಿನ ಹಿಡಿ ದಾಟಿ ಒಳಕ್ಕೆ ಬಂದುಬಿಡುತ್ತದೆ. ಅದು ಬಿಡುವವರಿಗೆ ಕಾಣುವುದಿಲ್ಲ. ಹೆದೆ ಬಿಟ್ಟಾಗ ಬಾಣ ಹೋಗುವುದು ಹಿಡಿಗೆ, ಹಿಡಿ ಹಿಡಿದ ಕೈಗೆ. ಬಿದಿರಾದರೆ ಸೀಳುತ್ತದೆ. ಕಾರ್ಬನ್ ಸೂಜಿಗಳಾಗಿ ಒಡೆಯುತ್ತದೆ.

ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನೀವು ಹೋದ ಮೇಲೆ ನಾನು ಹೊಸ ಬಾಣಗಳಿಗೆ ಅಳತೆ ಕೊಟ್ಟೆ. ಗೂ ಮೇಸ್ತ್ರಿ "ತೋಳು ಪೂರ್ತಿ ಚಾಚಿ ಅಕ್ಕಾ, ಚಳಿಗೆ ಮುದುರ್ಕೊಂಡ ಕೋಳಿ ತರ ನಿಂತಿದ್ದೀರಲ್ಲ" ಎಂದರು. ಇಷ್ಟೇ ಬರುವುದು ಎಂದೆ. ಆ ದಿನಗಳಲ್ಲಿ ನಿಜಕ್ಕೂ ಅಷ್ಟೇ ಬರುತ್ತಿತ್ತು. ಆ ಬಾಣಗಳಲ್ಲೇ ನಾಲ್ಕು ವರ್ಷ ಆಡಿದೆ. ೨೦೧೭ರ ಅಕ್ಟೋಬರ್‌ನಲ್ಲಿ, ಗಿಂಕೋ ಎಲೆಗಳು ಹಳದಿಯಾಗಿ ಉದುರುತ್ತಿದ್ದ ಒಂದು ಬೆಳಿಗ್ಗೆ, ಏಕೋ ಮೈ ಹಗುರವಾಗಿತ್ತು. ಎಳೆದೆ. ಎಡಗೈ ಹೆಬ್ಬೆರಳ ಬುಡದಿಂದ ಡಾಕ್ಟರು ಏಳು ಚೂರು ತೆಗೆದರು. ಹೆಬ್ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಅದೇ ತಿಂಗಳು ನೀವು ಕಾಗದ ಬರೆದಿದ್ದಿರಿ, ಗಂಗ್‌ನುಂಗಿನಲ್ಲಿ ದಂಪತಿಗಳ ಪಂದ್ಯವಿದೆ, ಬರುತ್ತೀಯಾ ಎಂದು. ಬಿಡುವಿಲ್ಲ ಎಂದು ಒಂದೇ ಸಾಲು ಬರೆದೆ. ಕೈಗೆ ಬ್ಯಾಂಡೇಜ್ ಇತ್ತು. ಕಾರ್ಬನ್ ಬಾಣದಿಂದ ಆದ ಗಾಯವನ್ನು ನಿಮಗೆ ತೋರಿಸುವುದಕ್ಕಿಂತ ಬಿಡುವಿಲ್ಲದವಳಾಗುವುದು ಸುಲಭವೆನಿಸಿತು. ಆ ಮೇಲೆ ನೀವು ಬರೆಯಲಿಲ್ಲ. ತಪ್ಪು ನನ್ನದು.

ಆದ್ದರಿಂದ ಉದ್ದ ನಿಮ್ಮ ಹಳೆಯದೇ ಇರಲಿ. ಎರಡು ಬೆರಳು ಹೆಚ್ಚಿದ್ದರೆ ಯಾರಿಗೂ ಗಾಯವಾಗುವುದಿಲ್ಲ.

ಇನ್ನು ಹೆಸರು. ಮೇಸ್ತ್ರಿಗೆ ಅದು ವಿಚಿತ್ರವೆನಿಸಲಿಲ್ಲ, ನೀವೇ ಬರೆದುಕೊಳ್ಳುತ್ತೀರಿ ಎಂದುಕೊಂಡಿದ್ದರು. ನಾನು ನಿಮ್ಮ ಜೊತೆ ಇಪ್ಪತ್ತೊಂಬತ್ತು ವರ್ಷ ಇದ್ದವಳು. ನೂರ ನಲವತ್ತೈದು ಮೀಟರ್ ಆಚೆ ಬಿದ್ದ ಬಾಣಗಳನ್ನು ಒಟ್ಟಿಗೆ ತಂದು, ಕಡ್ಡಿಯ ಮೇಲಿನ ಹೆಸರು ಓದಿ ಹಂಚುತ್ತಾರೆ. ಹೆಸರಿಲ್ಲದ ಬಾಣ ಯಾವ ಮಂಟಪದಲ್ಲೂ ನಡೆಯುವುದಿಲ್ಲ. ಹೆಸರು ಬೇಡ ಎಂದರೆ ನೀವು ಮಂಟಪಕ್ಕೆ ಹೋಗುತ್ತಿಲ್ಲ, ಹೋಗುವ ಯೋಚನೆಯೂ ಇಲ್ಲ. ನೀವಿರುವ ನಿಮ್ಮ ಅಣ್ಣನ ಮನೆಯ ಹಿಂದೆ ಹುಲ್ಲಿನ ಪೆಂಡಿ ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ, ಯಾರೂ ನೋಡದ ಹೊತ್ತಿನಲ್ಲಿ ಬಿಡುತ್ತೀರಿ. ಹೌದೋ ಅಲ್ಲವೋ ಬರೆಯುವುದು ಬೇಡ.

ಯಾರ ನಗುವಿಗೆ ಹೆದರಿದ್ದೀರಿ ಎಂಬುದು ಗೊತ್ತು. ಆ ನಗುವನ್ನು ಕಲಿಸಿಕೊಟ್ಟವರೂ ನೀವೇ. ನಾನು ಕಾರ್ಬನ್ ಬಾಣದಲ್ಲಿ ಮೊದಲ ಸಲ ಐದಕ್ಕೆ ಐದು ಹಲಗೆಗೆ ಹೊಡೆದ ದಿನ ಪದ್ಧತಿಯಂತೆ ಎಲ್ಲರಿಗೂ ಊಟ ಹಾಕಿದೆ. ಬೇಯಿಸಿದ ಹಂದಿಮಾಂಸ, ಅಕ್ಕಿಯ ಸಿಹಿ, ಎರಡು ಪೀಪಾಯಿ ಮಕ್ಕೊಲ್ಲಿ ಹೆಂಡ. ನೀವು ತಟ್ಟೆ ಮುಟ್ಟದೆ "ಊಟದ ಕಡ್ಡಿ ಎಸೆದ್ರೂ ತಾಗುತ್ತೆ, ಅದಕ್ಕೊಂದು ಔತಣ ಬೇರೆ ಕೇಡು" ಎಂದು ಎದ್ದುಹೋದಿರಿ. ಎಲ್ಲರೂ ನಕ್ಕರು. ನಾವು ಬೇರೆಯಾಗಲು ಬೇರೆ ಕಾರಣಗಳೂ ಇದ್ದವು. ಆದರೆ ನಾನು ಎಣಿಸಲು ಕೂತರೆ ಅಲ್ಲಿಂದಲೇ ಎಣಿಸುತ್ತೇನೆ.

ಅದನ್ನು ಈಗ ನಿಮಗೆ ತಿರುಗಿಸಿ ಕೊಡಲು ಬರೆಯುತ್ತಿಲ್ಲ. ಮಂಗಳವಾರ ಒಂದು ಗಳಿಗೆ ಆ ಆಸೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ನೋ ಅಜ್ಜಿ ಕೂತಿದ್ದರು. ಎಪ್ಪತ್ತೆಂಟು ವರ್ಷ, ಐದೂವರೆ ದೋನಿನ ಕಾರ್ಬನ್, ವಾರಕ್ಕೊಮ್ಮೆ ಐದಕ್ಕೆ ಐದು. ಮೇಸ್ತ್ರಿಯ ಚೀಟಿ ಕೇಳಿ ಅಜ್ಜಿ, "ಆ ಸೊಕ್ಕಿನ ಮುದುಕ ಆರಕ್ಕೆ ಇಳಿದ್ನಾ? ಬರೋಕ್ಹೇಳು. ಹಗುರ ಬಾಣ ಹೇಗೆ ಬಿಡೋದು ಅಂತ ನಾನು ಹೇಳ್ಕೊಡ್ತೀನಿ. ಹಲಗೆಗೇನು ತೂಕ ಗೊತ್ತಾಗುತ್ತಾ?" ಎಂದರು. ಆಮೇಲೆ ಎದ್ದು ಸಾಲಿಗೆ ಹೋಗಿ, ಮೊದಲ ಬಾಣಕ್ಕೆ ಮುಂಚೆ ಎಲ್ಲರೂ ಹೇಳುವ ಹಾಗೆ ತಲೆ ಬಾಗಿಸಿ "ಬಿಲ್ಲು ಕಲೀತಿದ್ದೀನಿ" ಎಂದರು. ನಾವೆಲ್ಲರೂ "ಹೆಚ್ಚು ತಾಗಲಿ" ಎಂದೆವು.

ನೀವು ಆ ಮಾತನ್ನು ಇಪ್ಪತ್ತು ವರ್ಷ ದಿನವೂ ಹೇಳಿದ್ದೀರಿ. ಈಗ ಅದನ್ನು ಹೇಳಲು ನಿಮಗೆ ನಿಜವಾದ ಕಾರಣವಿದೆ. ಹೆಸರು ಬರೆಸಿಕೊಂಡು ಸಾಲಿನಲ್ಲಿ ನಿಂತು ಹೇಳಿ. ಮನೆಯ ಹಿಂದೆ ಒಬ್ಬರೇ ಹೇಳಿದರೆ ಮರುಮಾತು ಹೇಳುವವರು ಯಾರೂ ಇರುವುದಿಲ್ಲ.

ಭುಜಕ್ಕೆ ಬಿಸಿ ಉಪ್ಪಿನ ಶಾಖ ಕೊಡುವುದನ್ನು ಬಿಡಬೇಡಿ.

ನಿಮ್ಮ
ಗುಮ್‌ರಾನ್

ಲಕೋಟೆ ಅಂಟಿಸುವ ಮೊದಲು, ಶುಕ್ರವಾರ ಬೆಳಿಗ್ಗೆ: ಈಗಷ್ಟೇ ನಿಮ್ಮ ಗಂಗ್‌ನುಂಗ್ ಮಂಟಪದ ಮುಖ್ಯಸ್ಥರಿಗೆ ಫೋನ್ ಮಾಡಿದ್ದೆ. "ಬೇ ಅಣ್ಣಾವ್ರಾ? ನವೆಂಬರಿಂದ ಈ ಕಡೆ ತಲೆ ಹಾಕಿಲ್ಲ, ಅವರ ಪೆಟ್ಟಿಗೆ ಮೇಲೆ ಧೂಳು ಕೂತಿದೆ" ಎಂದರು. ಈ ವಸಂತದ ಪಂದ್ಯದಲ್ಲೂ ದಂಪತಿಗಳ ಸಾಲು ಇದೆಯಂತೆ. ನಮ್ಮಿಬ್ಬರ ಹೆಸರು ಕೊಟ್ಟೆ. ನೀವು ಒಪ್ಪಿದ್ದೀರಾ ಎಂದು ಕೇಳಿದರು, ಹೂಂ ಎಂದೆ. ಗೂ ಮೇಸ್ತ್ರಿಗೆ ಹಳೆಯ ಅಳತೆಯನ್ನೇ ಕೊಟ್ಟಿದ್ದೇನೆ, ಹನ್ನೆರಡರ ಮೇಲೂ 'ಬೇ ಮನ್‌ಸಿಕ್' ಎಂದು ಬರೆಯಲು ಹೇಳಿದ್ದೇನೆ. ಬಾಣಗಳು ಏಪ್ರಿಲ್ ೩ಕ್ಕೆ ಸಿದ್ಧವಾಗುತ್ತವೆ. ಪಾರ್ಸೆಲ್ ಮಾಡುವುದಿಲ್ಲ, ನಾನೇ ತರುತ್ತೇನೆ. ಏಪ್ರಿಲ್ ೬, ಶನಿವಾರ, ಬೆಳಿಗ್ಗೆ ೭.೪೦ರ ಬಸ್ಸು. ಯೊಂಗ್‌ಜುನಲ್ಲಿ ಬದಲಿಸಿ ಮಧ್ಯಾಹ್ನ ಒಂದು ಗಂಟೆಗೆ ಗಂಗ್‌ನುಂಗ್. ದಂಪತಿಗಳ ಸಾಲು ಅದೇ ದಿನ ಎರಡು ಗಂಟೆಗೆ ಶುರುವಾಗುತ್ತದೆ.