ಇಬ್ಬರ ಸಹಿ

ಯಾಲಾ
ಮಂಗಳವಾರ, 12 ಆಗಸ್ಟ್ 2014

ಪೆರೆಸ್‌ಗೆ,

‘ಪ್ರೀತಿಯ’ ಎಂದು ಶುರು ಮಾಡಲು ಹೋದೆ, ಕೈ ಬರಲಿಲ್ಲ. ಸುಳ್ಳು ಯಾಕೆ? ನಾನು ಅಕುಮು, ನಿನ್ನ ಸವತಿ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಮ್ಮಿಬ್ಬರ ಮಾತು ಬೈಗುಳಕ್ಕೇ ಹೋಗಿ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ನಮ್ಮ ಚರ್ಚಿನ ಯೂನಿಯಾ ಮಗಳನ್ನು ನೋಡಲು ಕಿಟಾಲೆಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕೊಟ್ಟಿದ್ದೇನೆ. ಲಕೋಟೆ ಬಿಚ್ಚಿ ಅಂಟಿಸಿದ ಹಾಗೆ ಕಂಡರೆ ನನಗೆ ತಿಳಿಸು. ಒಳ್ಳೆಯವಳೇ, ಆದರೆ ಈಗೀಗ ನಾನು ಯಾರನ್ನೂ ಪೂರ್ತಿ ನಂಬುವುದಿಲ್ಲ.

ಮೊದಲು ಒಂದು ಪ್ರಶ್ನೆ. ನೀನು ಮೈದುನ ಮಿಕಾನಿಗೆ ಸಹಿ ಹಾಕಿಕೊಟ್ಟಿದ್ದೀಯಾ?

ಕೊಟ್ಟಿದ್ದರೆ ಮುಂದೆ ಓದಬೇಡ, ಇದನ್ನು ಒಲೆಗೆ ಹಾಕು. ಕೊಟ್ಟಿಲ್ಲವಾದರೆ ಬಾಗಿಲು ಹಾಕಿಕೊಂಡು ಕೂತು ಓದು.

ಕಿಸುಮುವಿನ ಹೈಕೋರ್ಟಿನಲ್ಲಿ ತೀರ್ಪು ಓದಿದ ದಿನ ನೀನು ಆ ಬೆಂಚಿನಲ್ಲಿ, ನಾನು ಈ ಬೆಂಚಿನಲ್ಲಿ. ಜಶೋನ್‌ನನ್ನು ನಿನ್ನ ಹೊಲದಲ್ಲಿ ಮಣ್ಣು ಮಾಡಬೇಕೋ ನನ್ನ ಅಂಗಳದಲ್ಲೋ ಎಂದು ನಾವು ಕಚ್ಚಾಡುತ್ತಿದ್ದರೆ ಆ ಜಡ್ಜಮ್ಮ ಮೂರನೆಯ ಮಾತೇ ಆಡಿದರು. ಇಬ್ಬರೂ ಹೆಂಡತಿಯರೇ. ಇಬ್ಬರೂ ಒಟ್ಟಿಗೆ ಬಂದು ಸಹಿ ಹಾಕಿದರೆ ಮಾತ್ರ ಶವಾಗಾರದವರು ಶವ ಕೊಡಬೇಕು. ಜಾಗವನ್ನೂ ಇಬ್ಬರೇ ಕೂಡಿ ನಿರ್ಧರಿಸಬೇಕು. ಕುಲದ ಹಿರಿಯರು ಬುದ್ಧಿ ಹೇಳಬಹುದು, ಅಪ್ಪಣೆ ಕೊಡುವ ಹಾಗಿಲ್ಲ. ಅದನ್ನು ಕೇಳಿ ನೀನು ತುಟಿಯಂಚಿನಲ್ಲಿ ನಕ್ಕೆ. ನಾನು ನೋಡಿದೆ. ಇವಳು ಏನೋ ಹೊಂಚು ಹಾಕಿದ್ದಾಳೆ ಎಂದು ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ಇಲ್ಲಿ ನಾವಿಬ್ಬರೇ ಸುದ್ದಿ. ಕಿಸುಮುವಿನಿಂದ ಬರುವಾಗ ಮಟಾಟು ವ್ಯಾನಿನಲ್ಲಿ ನಾನು ತಲೆವಸ್ತ್ರವನ್ನು ಹಣೆವರೆಗೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದೆ. ರೇಡಿಯೋದಲ್ಲಿ ಅದೇ ಚರ್ಚೆ. ಮುಂದಿನ ಸೀಟಿನ ಮುದುಕ, “ಜಡ್ಜಮ್ಮ ಬಂದು ಗೋರಿ ಮುಂದೆ ಅಳ್ತಾಳೇನ್ರಿ? ಕುಲ ಇಲ್ದೆ ಹೆಣ ಎತ್ತೋರ್ಯಾರು?” ಎಂದ. ಮೀನಿನ ಬುಟ್ಟಿಯವಳು ತಿರುಗಿಬಿದ್ದಳು: “ಅಜ್ಜಾ, ಜ್ವರ ಬಂದಾಗ ಗಂಜಿ ಕುಡ್ಸೋಕೆ ಒಂದಿನಾನೂ ಬರ್ದೆ ಇರೋರು ಹೆಣ ಎತ್ತೋಕೆ ಮಾತ್ರ ಓಡ್ಬರ್ತೀರಲ್ಲ! ನಾಚ್ಕೆ ಆಗಲ್ವಾ?” ಮುದುಕ ಬಿಡಲಿಲ್ಲ. “ಆ ಎರಡು ಹೆಂಗಸ್ರು ಒಂದು ಕಾಗದಕ್ಕೆ ಸಹಿ ಹಾಕೋದುಂಟಾ? ಅವನು ಪೆಟ್ಟಿಗೇಲೇ ಕೊಳೀತಾನೆ, ನೋಡ್ತಿರಿ.” ಎಲ್ಲರೂ ನಕ್ಕರು. ನಾನು ತಲೆವಸ್ತ್ರವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ, ಪೆರೆಸ್.

ಮಾರನೆಯ ದಿನ ಈ ಯೂನಿಯಾ ಗೆಣಸು ಹಿಡಿದುಕೊಂಡು ಬಂದಳು. ತೀರ್ಪಿನ ಪ್ರತಿಯನ್ನು ಒಂದು ಸಲ ಮುಟ್ಟಿ ನೋಡಬಹುದೇ ಎಂದು ಕೇಳಿದಳು. ಅವಳ ಗಂಡನನ್ನು ಮೈದುನಂದಿರು ಮಣ್ಣು ಮಾಡುವಾಗ ಅವಳನ್ನು ಅಡುಗೆಮನೆಯಲ್ಲಿ ಕೂಡಿಹಾಕಿದ್ದರಂತೆ. ಓದಲು ಬಾರದು, ಸುಮ್ಮನೆ ಮೊಹರಿನ ಮೇಲೆ ಬೆರಳಾಡಿಸಿ ಅತ್ತಳು. ನನಗೂ ಅಳು ಬಂತು. ನಮ್ಮ ಜಗಳ ನಮ್ಮದು ಮಾತ್ರ ಎಂದುಕೊಂಡಿದ್ದೆ.

ಮಿಕಾ ಬಂದದ್ದು ಭಾನುವಾರ. ಗೊತ್ತಲ್ಲ, ನಮ್ಮ ಮೈದುನನ ಬಾಯಲ್ಲಿ ಬೆಣ್ಣೆ. “ಅತ್ತಿಗೆ, ನೀವಿಬ್ರೂ ಒಬ್ರ ಮುಖ ಒಬ್ರು ನೋಡಲ್ಲ. ನನ್ ಹೆಸ್ರಿಗೆ ಬರ್ಕೊಡಿ, ಅಣ್ಣನ್ನ ನಾನೇ ತರ್ತೀನಿ. ಪೆರೆಸ್ ಆಗ್ಲೇ ಸಹಿ ಹಾಕಿದಾಳೆ” ಎಂದ. ಎಲ್ಲಿ ತೋರಿಸು ಎಂದೆ. ಕಾಗದ ಮಡಚಿಯೇ ಹಿಡಿದಿದ್ದ, ನಾನು ಕೈ ಚಾಚಿದ ಕೂಡಲೇ ಜೇಬಿಗೆ ಸೇರಿಸಿದ. ನನ್ನ ಕನ್ನಡಕ ಒಡೆದಿದೆ, ನಾಳೆ ನಾನೇ ನಿಮ್ಮ ಮನೆಗೆ ಬರುತ್ತೇನೆ ಎಂದು ಕಳಿಸಿದೆ. ಕನ್ನಡಕ ಮೂಗಿನ ಮೇಲೇ ಇತ್ತು. ಅವನಿಗೆ ಅದೂ ಕಾಣಲಿಲ್ಲ, ಅಷ್ಟು ಅವಸರ.

ನಿನ್ನೆ ಹೋದೆ. ಅವನ ಅಂಗಳದಲ್ಲಿ ಇಟ್ಟಿಗೆ, ಮರಳು, ಸಿಮೆಂಟು ರಾಶಿ ಬಿದ್ದಿದೆ. ಏನಪ್ಪಾ ಇದು ಎಂದರೆ, “ಕೋಳಿಗೂಡು ಅತ್ತಿಗೆ” ಎಂದ. ಆರಡಿ ಉದ್ದಕ್ಕೆ ಹಗ್ಗ ಹಿಡಿದು ಗುರುತು ಮಾಡಿ, ಸಿಮೆಂಟು ಹಾಕಿ ಯಾರಾದರೂ ಕೋಳಿ ಸಾಕುತ್ತಾರಾ? ಗೋರಿ ಎಲ್ಲಿದೆಯೋ ಅದನ್ನೇ ಸಾಕ್ಷಿ ಮಾಡಿಕೊಂಡು ಜಮೀನು ಕೇಳುತ್ತಾರೆ ನಮ್ಮವರು, ನಿನಗೂ ಗೊತ್ತು. ಜಶೋನ್ ಅಲ್ಲಿ ಮಲಗಿದರೆ ನಿನ್ನ ಕಿಟಾಲೆಯ ಹೊಲಕ್ಕೂ ನನ್ನ ಅಂಗಳಕ್ಕೂ ನಾಳೆ ಇವನೇ ಯಜಮಾನ.

ಇಷ್ಟಾದರೂ ನಾನು ನಿನ್ನನ್ನೇ ಅನುಮಾನಿಸುತ್ತಿದ್ದೆ. ನೀವಿಬ್ಬರೂ ಸೇರಿ ಆಡುತ್ತಿರುವ ಆಟ ಎಂದೇ ಅಂದುಕೊಂಡೆ. ಆಮೇಲೆ ಹಿತ್ತಲಿಗೆ ಹೋದೆ. ಅವನ ಹೆಂಡತಿ ಸಣ್ಣ ಒಮೆನಾ ಮೀನು ಆರಿಸುತ್ತಾ ಕೂತಿದ್ದಳು. ಯಾವುದರ ಮೇಲೆ ಗೊತ್ತೇ? ಜಶೋನ್‌ನ ಮೂರು ಕಾಲಿನ ಸ್ಟೂಲಿನ ಮೇಲೆ! ಸೀಳು ಬಿಟ್ಟ ಕಾಲಿಗೆ ಅವನೇ ಸುತ್ತಿದ ತಾಮ್ರದ ತಂತಿ ಹಾಗೇ ಇದೆ. ಯಜಮಾನ ಮಾತ್ರ ಕೂರುವ, ಹೆಂಗಸರು ಮುಟ್ಟಲೂ ಅಂಜುತ್ತಿದ್ದ ಸ್ಟೂಲು.

ನೀನು ಅದನ್ನು ಸಂತೆಯಲ್ಲಿ ಮಾರಿಕೊಂಡೆ ಎಂದು ನನಗೆ ಹೇಳಿದವನು ಮಿಕಾ. ನಾನು ಅದನ್ನು ಒಲೆಗೆ ಹಾಕಿದೆ ಎಂದು ನೀನು ಕೋರ್ಟಿನಲ್ಲಿ ಪ್ರಮಾಣ ಮಾಡಿದೆಯಲ್ಲ, ನಿನಗೆ ಹೇಳಿದವರು ಯಾರು? ಕಣ್ಣಾರೆ ಕಂಡಿದ್ದೆಯಾ? ಜಶೋನ್ ಸತ್ತ ವಾರ ನಿನ್ನ ಮನೆಯಿಂದ ಅವನ ಸಾಮಾನು ತುಂಬಿಕೊಂಡು ಬಂದವರು ಯಾರು? ನನ್ನ ಬಗ್ಗೆ ಮಿಕಾ ಇನ್ನೇನೇನು ಹೇಳಿದ್ದಾನೆ, ಎಲ್ಲ ಬರೆ. ನಾನೂ ಬರೆಯುತ್ತೇನೆ. ಹೊಂದಿಸಿ ನೋಡೋಣ.

ನಾನು ಸಹಿ ಹಾಕದೆ ಬಂದೆ. ತಲೆ ಸುತ್ತು ಎಂದು ಹೇಳಿದೆ. ಇನ್ನು ಹೆಚ್ಚು ದಿನ ತಳ್ಳಲಾಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಶವಾಗಾರದ ಬಾಗಿಲಿಗೆ ಬಾ. ನಾನು ಅಲ್ಲಿರುತ್ತೇನೆ, ನಿನಗಿಂತ ಮೊದಲೇ ಇರುತ್ತೇನೆ. ನೀನು ಬರದಿದ್ದರೆ ಜಶೋನ್ ನಮ್ಮಿಬ್ಬರಿಗೂ ಇಲ್ಲ. ಆ ಮುದುಕನ ಮಾತು ನಿಜ ಮಾಡಬೇಡ.

ಒಂದು ಮಾತು ಸ್ಪಷ್ಟವಾಗಿರಲಿ. ಮಣ್ಣು ಇಲ್ಲೇ ಆಗಬೇಕು, ಅವನು ಕಟ್ಟಿದ ಅಂಗಳದಲ್ಲಿ. ಅದನ್ನು ನಾನು ಬಿಟ್ಟುಕೊಡುವುದಿಲ್ಲ. “ಅವಳಿಗೆ ಇಲ್ಲಿ ಮನೇನೇ ಇಲ್ಲ, ಯಾವ ಬಾಗ್ಲಲ್ಲಿ ನಿಂತು ಅಳ್ತಾಳೆ?” ಎಂದು ಮಿಕಾ ನಿನ್ನ ಬಗ್ಗೆ ಕುಲದವರ ಮುಂದೆ ಕೈ ತಿರುಗಿಸಿ ಕೇಳುತ್ತಿದ್ದಾನೆ. ಗಂಡನ ಅಂಗಳದಲ್ಲಿ ಸ್ವಂತ ಬಾಗಿಲಿಲ್ಲದ ಹೆಂಡತಿ ಅಳುವ ಹಾಗಿಲ್ಲ ಎನ್ನುವುದು ನಮ್ಮವರ ಪದ್ಧತಿಯಲ್ಲವೇ. ನಿನ್ನ ಮನೆ ನನ್ನ ಅಂಗಳದಲ್ಲಿ ಏಳಕೂಡದು ಎಂದು ಜಶೋನ್ ಮುಂದೆ ಹಟ ಹಿಡಿದವಳು ನಾನೇ. ಯಾವ ಹೆಂಡತಿ ಹಿಡಿಯುವುದಿಲ್ಲ ಹೇಳು?

ನಿನ್ನ ಮೇಲೆ ನನಗೆ ಈಗಲೂ ಪ್ರೀತಿಯಿಲ್ಲ. ಆದರೆ ಅವನಿಗೆ ಜ್ವರ ಬಂದಾಗ ಗಂಜಿ ಕುಡಿಸಿದವಳು ನೀನು. ಅದು ನನಗೆ ಗೊತ್ತು.

ಇಂತಿ,
ಅಕುಮು
ಜಶೋನ್‌ನ ಒಬ್ಬ ಹೆಂಡತಿ

ಬರೆಯಲು ಮರೆತದ್ದು: ನನ್ನ ಮನೆಯ ಪಕ್ಕದಲ್ಲಿ, ಎರಡನೆಯವಳ ಮನೆ ಎಲ್ಲಿರಬೇಕೋ ಅಲ್ಲೇ, ಇವತ್ತು ಬೆಳಿಗ್ಗೆ ನನ್ನ ದೊಡ್ಡ ಮಗ ಕಂಬ ನೆಟ್ಟ. ಚರ್ಚಿನ ಹೆಂಗಸರು ಮಣ್ಣು ಮೆತ್ತುತ್ತಿದ್ದಾರೆ. ಚಿಕ್ಕದು, ಗೋಡೆ ಇನ್ನೂ ಹಸಿ. ಬಾಗಿಲು ಇದೆ, ನಿಂತು ಅಳಬಹುದು. ಬೀಗ ಮಾತ್ರ ನೀನೇ ತಾ, ಕೀಲಿಯೂ ನಿನ್ನ ಹತ್ತಿರವೇ ಇರಲಿ. ನಾಳೆ ಏನಾದರೂ ಕಳೆದರೆ ನನ್ನನ್ನು ಅನುಮಾನಿಸುವುದು ಬೇಡ.