ಬಿಲ್ಲಿಗೆ ಬಾರದ ರಿಂಗ್

21-10-2002, ಸೋಮವಾರ

ಫರಂಗಿಪೇಟೆಯಲ್ಲಿ ಬಸ್ಸು ತಪ್ಪಿತು. ಆದರೂ ಬಂಟ್ವಾಳ ಎಕ್ಸ್‌ಚೇಂಜಿಗೆ ಎಲ್ಲರಿಗಿಂತ ಮೊದಲು ಮುಟ್ಟಿದ್ದು ನಾನೇ. ಹೊಸದೇನಲ್ಲ.

ಲೆಕ್ಕ ಮುಗಿಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ — ಮೂರೂ ಕಡೆಯ ಕಾಲಿಂಗ್ ಕಾರ್ಡ್ ಕರೆಗಳಿಗೆ ಇನ್ನು ಪ್ರತ್ಯೇಕ ಲೈನು. ಕಾರ್ಡಿನ ಹದಿನಾರು ಅಂಕೆ ಒತ್ತಿದರೆ ಯಾವ ಫೋನಿನಿಂದಲೂ ದುಬೈ, ಸೌದಿ. ಹೆಸರು ಇಂಟೆಲಿಜೆಂಟ್ ನೆಟ್‌ವರ್ಕ್. ಬುದ್ಧಿ ಮೆಷಿನ್ನಿನದ್ದು. ಅದಕ್ಕೆ ಎಷ್ಟು ಲೈನು ಬೇಕೆಂದು ಹೇಳುವ ಬುದ್ಧಿ ನನ್ನದು.

ಆರು ತಿಂಗಳ ಬಿಲ್ ಜಾಲಾಡಿದೆ. ಅತಿ ಹೆಚ್ಚು ರಶ್ ಬೆಳಗ್ಗೆ ಹತ್ತರಿಂದ ಹನ್ನೊಂದು. ಆಗಲೂ ಒಮ್ಮೆಲೇ ಹದಿನೇಳು ಕರೆ ದಾಟಿಲ್ಲ. ಮೂವತ್ತು ಲೈನು ಜೋಡಿಸಿದರೆ ಧಾರಾಳ. ಬಂದದ್ದು ಅರವತ್ತು. ಉಳಿದ ಮೂವತ್ತನ್ನು ಬೇರೆ ಜಿಲ್ಲೆಗೆ ಕೊಡಬಹುದು ಎಂದು ಬರೆದು ಸಹಿ ಹಾಕಿದೆ.

ಡಿವಿಜನಲ್ ಎಂಜಿನಿಯರ್ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. “ಖಂಡಿತವಾ ಕಾಂತಿ?”

“ಲೈನು ಸಿಗದೆ ನೂರರಲ್ಲಿ ಎರಡು ಕರೆ ವಾಪಸ್ ಬಂದರೆ ನನ್ನನ್ನು ಕೇಳಿ ಸರ್.”

ಲೈನ್‌ಮನ್ ನೋಣಯ್ಯ ಬಾಗಿಲಲ್ಲಿ ನಿಂತು ನಗುತ್ತಿದ್ದ. ನಗಲಿ.

25-10-2002, ಶುಕ್ರವಾರ. ಸಂಜೆ 4.30

ಮೂಡುಬಿದಿರೆಯ ಬೂತಿನವರದ್ದು ದೂರು. ಬೆಳ್ತಂಗಡಿಯಿಂದ ಇನ್ನೆರಡು. ಮೂರು ಗಂಟೆಗೆ ಕಾರ್ಡ್ ಹಾಕಿದರೆ ‘ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ’ ಎಂದಳಂತೆ ಮೆಷಿನ್ನಿನ ಹೆಂಗಸು. ಬಿಲ್ ತೆಗೆದು ನೋಡಿದೆ. ಆ ಹೊತ್ತಿಗೆ ಇದ್ದದ್ದು ಆರೇ ಕರೆ! ಆರು ಕರೆಗೆ ಮೂವತ್ತು ಲೈನು ತುಂಬುತ್ತದಾ? ಅಂಕೆ ತಪ್ಪು ಒತ್ತಿರಬೇಕು. ಇಲ್ಲದಿದ್ದರೆ ಕೇಬಲ್.

ನೋಣಯ್ಯನನ್ನು ಓಡಿಸಿದೆ. “ಕೇಬಲ್ ಸರಿ ಉಂಟು ಮೇಡಂ” ಎಂದ. ಹಾಗಾದರೆ ಅಂಕೆಯೇ.

1-11-2002, ಶುಕ್ರವಾರ

ರಾಜ್ಯೋತ್ಸವ. ರಜೆ. ಫರಂಗಿಪೇಟೆಯ ಈ ಬಾಡಿಗೆ ಮನೆಗೆ ಬಂದು ಮೂರು ವರ್ಷ. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿದ್ದದ್ದು ಇದೇ ಮೊದಲು.

ಮೂರು ಗಂಟೆಗೆ ಕೆಳಗಿನಿಂದ ಪಾತುಮ್ಮ ಕರೆದರು. ಮನೆಯ ಯಜಮಾನಿ. ಮಗ ಫಯಾಝ್ ಸೌದಿಯ ಜುಬೈಲಿನಲ್ಲಿ. “ಈ ಹೆಂಗಸು ಬಿಡುವುದೇ ಇಲ್ಲ ಮಾರಾಯ್ತಿ. ನಾಲ್ಕು ಸಲ ಒತ್ತಿ ಆಯ್ತು. ನೀನೊಮ್ಮೆ ನೋಡು.”

ಒತ್ತಿದೆ. ಕಾರ್ಯನಿರತ. ಪುನಃ ಒತ್ತಿದೆ. ಹೋಯಿತು. ರಿಸೀವರ್ ಅವರ ಕೈಗೆ ಕೊಟ್ಟೆ. ಜುಬೈಲಿನಲ್ಲಿ ಒಂದು ರಿಂಗ್ ಆದದ್ದೇ ತಡ, ಪಾತುಮ್ಮ ಫೋನ್ ಇಟ್ಟೇಬಿಟ್ಟರು.

“ಅಯ್ಯೋ, ಅವರು ಎತ್ತಲೇ ಇಲ್ಲ!”

“ಎತ್ತಲಿಕ್ಕಲ್ಲ. ಊಟಕ್ಕೆ ಕರೆದದ್ದು.”

ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ ನಕ್ಕರು. “ಅಲ್ಲಿ ಈಗ ಜುಮಾ ನಮಾಝ್ ಮುಗಿಯುವ ಹೊತ್ತು. ಒಂದು ರಿಂಗ್ ಅಂದ್ರೆ ನಾವು ಸುಖ ಇದ್ದೇವೆ, ನೀನು ಉಣ್ಣು ಅಂತ. ಎರಡು ರಿಂಗ್ ಅಂದ್ರೆ ಫೋನ್ ಮಾಡು ಅಂತ. ಒಂದು ರಿಂಗ್ ಬಾರದೆ ಅಂವ ಬಟ್ಟಲು ಮುಟ್ಟುವುದಿಲ್ಲ. ಹೋದ ಶುಕ್ರವಾರ ಸಿಗಲೇ ಇಲ್ಲ ನೋಡು. ಸಂಜೆಯ ಅಸರ್ ನಮಾಝಿನ ಬಾಂಗ್ ಆಗುವವರೆಗೆ ಉಣ್ಣದೆ ಕೂತಿದ್ದನಂತೆ.”

“ಎಲ್ಲರೂ ಹೀಗೇ ಮಾಡ್ತಾರಾ?”

“ಗಲ್ಫಿನಲ್ಲಿ ಜನ ಇರುವ ಯಾವ ಮನೆ ಬೇಕಾದ್ರೂ ಕೇಳು. ಆಚೆ ಮನೆ ಸರಸಳ ಗಂಡ ಮಸ್ಕತ್ತಿನಲ್ಲಿ. ಅವಳದ್ದೂ ಇದೇ.”

ಕಾರ್ಡ್ ನೋಡಿದೆ. ಆರು ತಿಂಗಳು ಹಳತು. ತೆಗೆದುಕೊಂಡ ದಿನ ಇದ್ದಷ್ಟೇ ದುಡ್ಡು ಈಗಲೂ ಉಂಟೆಂದು ಮೆಷಿನ್ನು ಹೇಳಿತ್ತು. ಎತ್ತದ ಕರೆಗೆ ಬಿಲ್ ಇಲ್ಲ. ಆದರೆ ಹದಿನಾರು ಅಂಕೆ ಒತ್ತಿ, ಮಗನ ನಂಬರ್ ಒತ್ತಿ, ಅಲ್ಲಿ ರಿಂಗ್ ಆಗುವ ತನಕ ಒಂದು ಲೈನು ಪೂರ್ತಿ ಪಾತುಮ್ಮನದ್ದು. ಅವರ ಬೆರಳಿಗೆ ಅದಕ್ಕೆ ಎರಡು ನಿಮಿಷ ಬೇಕು.

ಮೂರು ವರ್ಷ ಇವರ ತಲೆಯ ಮೇಲೆಯೇ ವಾಸ. ನಾಚಿಕೆಯಾಯಿತು.

4-11-2002, ಸೋಮವಾರ

ಬಿಲ್ ಬದಿಗಿಟ್ಟು ಎಕ್ಸ್‌ಚೇಂಜಿನ ಕೌಂಟರ್ ತೆಗೆದೆ. ಅದು ಎತ್ತಿದ್ದು, ಎತ್ತದ್ದು ಎಲ್ಲವನ್ನೂ ಎಣಿಸುತ್ತದೆ. ಶುಕ್ರವಾರ ಮೂರರಿಂದ ನಾಲ್ಕು — ಒಮ್ಮೆಲೇ ನಲವತ್ತೊಂದು ಲೈನು ಬೇಕಾಗುತ್ತದೆ. ಇದ್ದದ್ದು ಮೂವತ್ತು. ಮೂರರಲ್ಲಿ ಒಂದು ಕರೆ ವಾಪಸ್. ನೂರರಲ್ಲಿ ಎರಡಲ್ಲ, ಮಹಾರಾಯ್ತಿ. ಮೂರರಲ್ಲಿ ಒಂದು.

ನೋಣಯ್ಯನಿಗೆ ಹೇಳಿದೆ. ಆತ ಎಲೆಗೆ ಸುಣ್ಣ ಹಚ್ಚುತ್ತಾ, “ಬಸ್ಸಿನಲ್ಲಿ ಟಿಕೆಟ್ ಇಲ್ಲದ ಮಕ್ಕಳೂ ಸೀಟಲ್ಲಿ ಕೂರ್ತವಲ್ಲ ಮೇಡಂ? ನೀವು ಹರಿದ ಟಿಕೆಟ್ ಮಾತ್ರ ಲೆಕ್ಕ ಮಾಡಿದ್ದು” ಎಂದ. ನಾಲ್ಕು ವರ್ಷ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಸಾಹೇಬರಿಗೆ ಹೇಳಬೇಕು. ನಾಳೆ.

7-11-2002, ಗುರುವಾರ

ರಂಝಾನ್ ಉಪವಾಸ ಶುರು. ಪಾತುಮ್ಮನ ರಿಂಗ್ ಫಯಾಝ್ ಉಪವಾಸ ಬಿಡುವ ಹೊತ್ತಿಗೆ ಸರಿದಿದೆ. ಅಂದರೆ ರಶ್ಶೂ ಅದರ ಜೊತೆ ಸರಿಯುತ್ತದೆ.

ಸಾಹೇಬರು ಮೀಟಿಂಗಿನಲ್ಲಿದ್ದರು, ಹೇಳಲಾಗಲಿಲ್ಲ.

ಸುಳ್ಳು. ಹನ್ನೊಂದು ಗಂಟೆಗೆ ಒಟ್ಟಿಗೇ ಚಾ ಕುಡಿದೆವು.

29-11-2002, ಶುಕ್ರವಾರ

ಆರ್ಡರ್ ಬಂತು. ಜೋಡಿಸದೆ ಉಳಿದ ಮೂವತ್ತು ಲೈನನ್ನು ಡಿಸೆಂಬರ್ ಐದಕ್ಕೆ ಬೇರೆ ಜಿಲ್ಲೆಗೆ ಕೊಡಬೇಕು. ಕೆಳಗೆ ‘ಕಾಂತಿಯವರ ವರದಿಯ ಆಧಾರದ ಮೇಲೆ’.

ಮನೆಗೆ ಬಂದರೆ ಪಾತುಮ್ಮ ಮೆಟ್ಟಿಲ ಬುಡದಲ್ಲಿ. “ಈ ಸಲ ಪೆರ್ನಾಲ್ ಹಬ್ಬ ಶುಕ್ರವಾರವೇ ಬೀಳ್ತದೆ ಕಾಣ್ತದೆ. ಆ ದಿನವಾದರೂ ರಿಂಗ್ ಹೋಗ್ತದಾ ಕಾಂತಿ? ಹಬ್ಬದ ದಿನ ಮಗ ಉಣ್ಣದೆ ಕೂತರೆ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.” ಸಹಿ ನನ್ನದೆಂದು ಅವರಿಗೆ ಗೊತ್ತಿಲ್ಲ.

“ಹೋಗ್ತದೆ” ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ...

2-12-2002, ಸೋಮವಾರ

ಸಾಹೇಬರ ಬಾಗಿಲು ತಟ್ಟದೆ ಒಳಗೆ ಹೋದೆ. ತಟ್ಟಿದರೆ ವಾಪಸ್ ಬರುತ್ತಿದ್ದೆ.

“ನನ್ನ ಲೆಕ್ಕ ತಪ್ಪು ಸರ್. ಅರವತ್ತೂ ಬೇಕು.”

ಎಲ್ಲ ಕೇಳಿದರು. “ಬಿಲ್ಲೇ ಆಗದ ಕರೆಗೆ ಲೈನು ಕೊಡುವುದಾ? ಹಬ್ಬ ಕಳೆಯಲಿ, ಮತ್ತೆ ನೋಡುವ.”

“ಹಬ್ಬಕ್ಕೇ ಬೇಕು ಸರ್. ಆ ಒಂದು ರಿಂಗಿಗಾಗಿಯೇ ಜನ ಕಾರ್ಡ್ ತೆಗೆದುಕೊಳ್ಳುವುದು.”

“ಹಾಗಾದರೆ ಮೊದಲ ವರದಿ ತಪ್ಪು ಅಂತ ನೀವೇ ಬರೆಯಬೇಕು. ಅದು ನಿಮ್ಮ ಫೈಲಿನಲ್ಲಿ ಕೂರ್ತದೆ. ಬರುವ ವರ್ಷ ಪ್ರಮೋಷನ್ ಉಂಟಲ್ಲ?”

ಅಲ್ಲೇ ಕೂತು ಬರೆದೆ. ಸಹಿಯನ್ನೂ ಹಾಕಿದೆ. ಮೊದಲಿನ ಲೆಕ್ಕ ತಪ್ಪು ಎಂದು ತೋರಿಸಿದ್ದೂ ನಾನೇ ತಾನೇ? ಇದು ಸರಿ. ಬೇಕಾದರೆ ನಾಲ್ಕು ಪ್ರತಿ ಬರೆಯುತ್ತೇನೆ.

5-12-2002, ಗುರುವಾರ

ಮಧ್ಯಾಹ್ನ ಒಪ್ಪಿಗೆ ಬಂತು. ಸಾಹೇಬರೇ ಮಂಗಳೂರಿಗೆ ಎರಡು ಸಲ ಫೋನ್ ಮಾಡಿದ್ದರಂತೆ. ಹೇಳಿದ್ದು ನೋಣಯ್ಯ, ಅವರಲ್ಲ. ನಾಳೆ ಬೆಳಗ್ಗೆ ಜೋಡಿಸುವುದು.

6-12-2002, ಶುಕ್ರವಾರ. ಮಧ್ಯಾಹ್ನ 3.05

ಹಬ್ಬ. ರಜೆ. ನಾನೂ ನೋಣಯ್ಯನೂ ಎಕ್ಸ್‌ಚೇಂಜಿನಲ್ಲಿ. ಹನ್ನೊಂದಕ್ಕೆ ಅರವತ್ತೂ ಚಾಲೂ.

ಹೊರಡುವಾಗ ಪಾತುಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅಸರ್ ತನಕ ಮಗ ಉಣ್ಣದೆ ಕೂತದ್ದು ನನ್ನ ಸಹಿಯಿಂದ ಎಂದು. ಅವರು ನನ್ನ ಆಫೀಸಿನ ನಂಬರ್ ಕೇಳಿ ಬರೆದುಕೊಂಡರು. “ನೆಯ್ಚೋರು, ತುಪ್ಪದ ಅನ್ನ, ಮಾಡಿರ್ತೇನೆ. ಮೊದಲು ಅವನಿಗೆ ರಿಂಗ್, ಮತ್ತೆ ನಿನಗೆ” ಎಂದರು.

ಈಗ ನಲವತ್ನಾಲ್ಕು ಲೈನು ಬಿಜಿ.

3.15

ಐವತ್ತೆರಡು. ನೋಣಯ್ಯ ಬುತ್ತಿ ಬಿಚ್ಚಿದ್ದಾನೆ. ಬನ್ನಿ ಮೇಡಂ ಎಂದ. ಹಸಿವಿಲ್ಲ ಎಂದೆ. ಹೊಟ್ಟೆ ಚುರುಗುಟ್ಟುತ್ತಿದೆ.

3.22

ಐವತ್ತೇಳು. ನಾನು ಲೆಕ್ಕ ಹಾಕಿದ್ದ ಐವತ್ತೆರಡಕ್ಕಿಂತ ಐದು ಹೆಚ್ಚು... ಹಬ್ಬವಲ್ಲವಾ. ಹಿಡಿಯುತ್ತದೆ. ಹಿಡಿಯಲೇಬೇಕು.

3.29

ಐವತ್ತೊಂಬತ್ತು. ಉಳಿದದ್ದು ಒಂದು. ಫರಂಗಿಪೇಟೆಯಲ್ಲಿ ಈಗ ಪಾತುಮ್ಮನ ಬೆರಳು ಎಷ್ಟನೇ ಅಂಕೆಯಲ್ಲಿದೆಯೋ.

3.34

ಟೇಬಲ್ ಫೋನ್. ಒಂದು ರಿಂಗ್. ನೋಣಯ್ಯ ಎತ್ತಲು ಕೈ ಚಾಚಿದ, ತಡೆದೆ. ಎರಡನೆಯದು ಬರಲಿಲ್ಲ. “ರಾಂಗ್ ನಂಬರಾ ಮೇಡಂ?” ಅಲ್ಲ ಮಾರಾಯ, ಊಟಕ್ಕೆ —