ಹುಳುಮನೆಯ ಹೊಸಿಲು

ಸಾತನೂರು
೯-೨-೨೦೨೫, ಭಾನುವಾರ

ನನ್ನ ಪುಟ್ಟಿಗೆ, ನಿಮ್ಮವ್ವನ ಆಶೀರ್ವಾದ.

ಫೋನು ಇಟ್ಟುಕೊಂಡು ಕಾಗದ ಯಾಕೆ ಬರೆದಳು ಮುದುಕಿ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾಲ್ಕು ಮಾತಿಗೇ ನನಗೆ ಏದುಸಿರು. ನೀನೋ, ಎರಡನೇ ‘ಹೂಂ’ಗೇ ಗಂಡನ ಕೈಗೆ ಕೊಟ್ಟುಬಿಡುತ್ತೀಯ. ಅನಂತರಾಜು ಒಳ್ಳೆಯವನೇ, ಆದರೆ ಅಳಿಯನ ಹತ್ತಿರ ಎಷ್ಟೂಂತ ಮಳೆ ಬೆಳೆ ಮಾತಾಡಲಿ? ಕಾಗದವಾದರೆ ನಡುನಡುವೆ ಪೆನ್ನು ಕೆಳಗಿಟ್ಟು ಉಸಿರು ತಗೋಬಹುದು.

ನನಗೆ ಒಸಿ ಹುಷಾರಿರಲಿಲ್ಲ ಎಂದಷ್ಟೇ ನಿಮ್ಮಪ್ಪ ಅಳಿಯನಿಗೆ ತಿಳಿಸಿದ್ದಾರೆ. ಹಾಗೆ ಹೇಳಿಸಿದವಳು ನಾನೇ. ನಿಜ ಏನೆಂದರೆ, ಸಂಕ್ರಾಂತಿಗೆ ಒಂದು ವಾರ ಮುಂಚೆ ನನ್ನ ಎಡಗಡೆಯ ಶ್ವಾಸಕೋಶ ಕುಸಿದುಹೋಗಿತ್ತು. ತಿಂಗಳಿಂದ ಕೆಮ್ಮು ಇತ್ತು. ಆದರೆ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಆಗ ಯಾವ ಹೆಂಗಸು ಮಲಗುತ್ತಾಳೆ ಹೇಳು? ಎದೆ ಚುಚ್ಚುತ್ತಿದ್ದರೂ ಮೂರು ದಿನ ಬಾಯಿಬಿಡದೆ ಹಣ್ಣು ಹುಳು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆ. ನಾಲ್ಕನೇ ದಿನ, ಇನ್ನೂ ಹಣ್ಣಾಗದೆ ಉಳಿದ ಹುಳುವಿಗೆಂದು ಸೊಪ್ಪಿನ ಹೊರೆ ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ಪಕ್ಕದ ಮನೆಯ ದೇವರಾಜು ಆಟೋದಲ್ಲಿ ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ.

ಕೆಮ್ಮಿ ಕೆಮ್ಮಿ ಎಲ್ಲೋ ತೂತಾಗಿ, ಗಾಳಿ ಎದೆಗೂಡಿನೊಳಕ್ಕೆ ಸೋರಿತ್ತಂತೆ. ಪಕ್ಕೆಲುಬಿನ ನಡುವೆ ಕೊಳವೆ ತೂರಿಸಿ ಅದರ ತುದಿಯನ್ನು ನೀರಿನ ಬಾಟಲಿಗೆ ಬಿಟ್ಟರು. ಉಸಿರಾಡಿದಾಗೆಲ್ಲ ಬುಳುಬುಳು ಅನ್ನುತ್ತಿತ್ತು. ಒಂಬತ್ತು ದಿನ ನನ್ನ ಜೊತೆ ಮಾತಾಡಿದ್ದು ಹೆಚ್ಚಾಗಿ ಆ ಬಾಟಲಿಯೇ. ಮೊದಲ ದಿನ ನಿಮ್ಮಪ್ಪ ಬಾಗಿಲ ಹತ್ತಿರ ಕೈ ಹಿಸುಕಿಕೊಂಡು ನಿಂತಿದ್ದರು. “ಇಲ್ ನಿಂತ್ಕಂಡು ಏನ್ ಮಾಡೀರಿ? ಓಗಿ, ಹುಳ ಹಸ್ಕಂಡವೆ” ಎಂದು ಗದರಿದವಳು ನಾನೇ. ಹೋಗೇಬಿಟ್ಟರು ಕಣೇ. ಒಂದು ಸಲ ‘ಇಲ್ಲ’ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಪಕ್ಕದ ಹಾಸಿಗೆಯಲ್ಲಿ ರಾಮನಗರದ ವಜೀರಾ ಇದ್ದಳು, ಗೂಡು ಬೇಯಿಸಿ ನೂಲು ತೆಗೆಯುವವಳು. ಅವಳ ಮಗಳು ಅಸ್ರಾ ದಿನಾ ಬೆಳಗಿನ ಬಸ್ಸಿಗೆ ಬಂದು ತಾಯಿಯ ತಲೆ ಬಾಚುತ್ತಿದ್ದಳು. ನನಗೆ ಎಡಗೈ ಎತ್ತಲು ಆಗುತ್ತಿರಲಿಲ್ಲವಲ್ಲ, ಮೂರನೇ ದಿನ ನನ್ನ ಜಡೆಯನ್ನೂ ಬಿಚ್ಚಿ ಸಿಕ್ಕು ಬಿಡಿಸಿದಳು. “ನಿಮ್ಗೆ ಹೆಣ್ಮಕ್ಳಿಲ್ವಾ ಅಮ್ಮ?” ಅಂದಳು. ಇದ್ದಾಳೆ, ಅವಳ ಮನೆಯಲ್ಲಿ ಹುಳು ಇದೆ, ಬಿಟ್ಟು ಬರುವ ಹಾಗಿಲ್ಲ ಅಂದೆ. ರೇಷ್ಮೆಯಲ್ಲೇ ಬದುಕಿದ ಜನ, ತಟ್ಟನೆ ಒಪ್ಪಿಕೊಂಡರು. ನಿನಗೆ ವಿಷಯವನ್ನೇ ತಿಳಿಸಿಲ್ಲ ಎನ್ನಲು ನಾಚಿಕೆಯಾಯಿತು. ತಿಳಿಸಿದ ಮೇಲೂ ನೀನು ಬರದೇ ಹೋದರೆ ಏನು ಮಾಡಲಿ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಮನೆಗೆ ಬಂದು ಮೂರು ವಾರವಾಯಿತು. ಮೂರು ಚೆಂಡಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದಾರೆ. ಕೊಳವೆ ಬಾಯಿಗಿಟ್ಟು ಉಸಿರೆಳೆದರೆ ಚೆಂಡು ಮೇಲೇಳಬೇಕು. ಎರಡು ಏಳುತ್ತವೆ. ಮೂರನೆಯದು ನಿನ್ನ ಹಾಗೆಯೇ ಮೊಂಡು, ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹೋದ ವಾರ ನಿಮ್ಮಪ್ಪ ಹುಳುಮನೆ ತೊಳೆದರು. ಬ್ಲೀಚಿಂಗ್ ಪುಡಿಯ ಘಾಟು ನನಗೆ ಆಗದೆಂದು ಜಗಲಿಯ ಮೇಲೆ ಹಾಸಿಕೊಟ್ಟರು. ಊಟದ ತಟ್ಟೆ ತಂದಿಟ್ಟು ಒಳಗೆ ಹೋಗುತ್ತಿದ್ದರು. ನಮ್ಮ ಜಗಲಿ ಇಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ ಕಣೇ.

ನಿನಗೆ ಗೊತ್ತು. ಹೋದ ಶ್ರಾವಣದಲ್ಲಿ ನೀನು ಗಂಡನ ಮೇಲೆ ಮುನಿಸಿಕೊಂಡು, ಬ್ಯಾಗು ಹಿಡಿದು ನಿಮ್ಮ ಕೆಂಪಾಪುರದಿಂದ ಬಸ್ಸು ಬದಲಿಸಿ ಬಂದಿದ್ದೆ. “ಅವ್ವ, ಎಲ್ಡ್ ದಿನ ಇದ್ದು ಓಯ್ತೀನಿ” ಅಂದೆ. ನಿಮ್ಮ ಹುಳುವಿಗೆ ಸುಣ್ಣಕಟ್ಟು ರೋಗ ತಗುಲಿ ಬೆಳೆಯೆಲ್ಲ ಹೋಗಿತ್ತು. ನಮ್ಮವು ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಬಿಟ್ಟು ಸೊಪ್ಪು ಮೇಯುತ್ತಿದ್ದವು. ನಿನ್ನ ಸೆರಗಿನಲ್ಲಿ ರೋಗ ಬಂದೀತೆಂದು ಹೊಸಿಲು ದಾಟಿಸಲಿಲ್ಲ. ಜಗಲಿಯ ಮೇಲೇ ಮುದ್ದೆ ಬಡಿಸಿ, ಈ ಬೆಳೆ ಮುಗಿದ ಮೇಲೆ ಬಾ ಎಂದು ಸಂಜೆ ಬಸ್ಸಿಗೆ ಕಳಿಸಿದೆ. ನಿನ್ನ ಕಣ್ಣು ಊದಿದ್ದು ನನಗೆ ಕಂಡಿತ್ತು. ಯಾಕೆಂದು ಕೇಳಲಿಲ್ಲ. ನೀನಿನ್ನೂ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿರುವಾಗಲೇ ನೀನು ಕೂತಿದ್ದ ಜಾಗಕ್ಕೆ ಬ್ಲೀಚಿಂಗ್ ಪುಡಿ ಎರಚಿ ಗುಡಿಸಿದೆ. ನೀನು ತಿರುಗಿ ನೋಡಿದೆ.

ಹುಳು ಸಾಕುವ ಯಾರನ್ನು ಕೇಳಿದರೂ ನಾನು ಮಾಡಿದ್ದು ಸರಿ ಅನ್ನುತ್ತಾರೆ. ಬೆಳೆಯೂ ಚೆನ್ನಾಗಿಯೇ ಬಂತು. ಆದರೆ ಆವತ್ತಿನಿಂದ ನೀನು ಈ ಊರಿನ ಬಸ್ಸು ಹತ್ತಿಲ್ಲ. ತಪ್ಪಾಯಿತು ಪುಟ್ಟಿ. ಇದನ್ನು ಬರೆಯಲು ಮೂರು ಸಲ ಪೆನ್ನು ಕೆಳಗಿಟ್ಟೆ, ಉಸಿರು ಕಟ್ಟಿ ಅಲ್ಲ.

ಬರಲೇಬೇಕು ಎಂದು ನಾನೇನೂ ಬಲವಂತ ಮಾಡುತ್ತಿಲ್ಲ. ನಿನಗೂ ಸಂಸಾರವಿದೆ, ಹುಳುವಿದೆ. ಅಲ್ಲಿ ಬ್ಲೀಚಿಂಗ್ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಕೆಮ್ಮು ಬಂದರೆ ನನ್ನ ಹಾಗೆ ಬಚ್ಚಿಡಬೇಡ.

ಇಂತಿ ನಿನ್ನ ದಾರಿ ನೋಡುವ
ಅವ್ವ, ಸರಸಮ್ಮ

ಮರೆತಿದ್ದೆ: ಮೊನ್ನೆ ನಿಮ್ಮಪ್ಪ ಹೊಸ ಬೆಳೆಗೆ ಚಾಕಿಯ ಎಳೆ ಹುಳು ತರಲು ಹೊರಟಿದ್ದರು. ಈ ಬೆಳೆ ಬೇಡ ಎಂದು ತಡೆದೆ. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಅವರು ನನ್ನ ಮುಖ ನೋಡಿದರು, ಹುಳುವಿನ ತಟ್ಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಅವಿದ್ದ ಜಾಗದಲ್ಲಿ ನಿನ್ನ ಹಳೇ ಮಂಚ ಹಾಕಿದರು. ಘಾಟೂ ಹೋಗಿದೆ, ಮನೆಯಲ್ಲಿ ಒಂದು ಹುಳುವೂ ಇಲ್ಲ. ಹೊಸಿಲ ಬಳಿ ಬ್ಲೀಚಿಂಗ್ ನೀರಿಗೆ ಕಾಲದ್ದುವ ಕೆಲಸವಿಲ್ಲ. ಬಂದರೆ ನೇರ ಒಳಗೇ ಬಾ.